ತುಂಗವ್ವನ ಸುಳುಹು

ನಮ್ಮೂರಿನಲ್ಲಿ ಒಬ್ಬರ ಮನಸ್ಸು ಎಲ್ಲಿಗಾದರೂ ಹೋದರೆ ಅವರು ಅಲ್ಲಿ ಕಾಣಿಸುತ್ತಾರೆ. ಮೈ ಇದ್ದಲ್ಲೇ ಇರುತ್ತದೆ, ಕೈ ತನ್ನ ಕೆಲಸ ಮಾಡುತ್ತಿರುತ್ತದೆ. ಆದರೆ ಮನಸ್ಸು ಹೋದ ಜಾಗದಲ್ಲಿ ಅದೇ ಮುಖದ, ಅದೇ ಬಟ್ಟೆ ತೊಟ್ಟ ಆಕಾರವೊಂದು ಬಂದು ಸುಮ್ಮನೆ ನಿಲ್ಲುತ್ತದೆ, ಮನಸ್ಸು ವಾಪಸಾದ ಕೂಡಲೇ ಇಲ್ಲವಾಗುತ್ತದೆ. ಅದಕ್ಕೆ ನಾವು ಸುಳುಹು ಅನ್ನುತ್ತೇವೆ. ಸುಳುಹಿಗೆ ಮಾತಿಲ್ಲ, ಉಸಿರಿಲ್ಲ, ಕಣ್ಣಿದ್ದರೂ ಅದಕ್ಕೆ ಏನೂ ಕಾಣುವುದಿಲ್ಲ. ತಾನು ಎಲ್ಲಿ ಕಾಣಿಸಿಕೊಂಡೆ ಎಂಬುದು ಆ ಮನುಷ್ಯನಿಗೂ ತಿಳಿಯುವುದಿಲ್ಲ. ಕಂಡವರು ಹೇಳಿದರೆ ತಿಳಿಯಬೇಕು, ಕಂಡವರು ಹೇಳುವುದಿಲ್ಲ. ಹೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಇದಕ್ಕೆ ಹೊಂದಿಕೊಂಡೇ ಊರು ನಡೆಯುತ್ತದೆ. ಕಿರಾಣಿ ಅಂಗಡಿಯ ಮುಂದೆ ಯಾರದೋ ಸುಳುಹು ನಿಂತಿದ್ದರೆ ಗಿರಾಕಿಗಳು ಪಕ್ಕಕ್ಕೆ ಸರಿದು, ಮುಖ ಬೇರೆ ಕಡೆ ಹೊರಳಿಸಿ, ಬೇಳೆ ಕಟ್ಟಿಸಿಕೊಂಡು ಹೋಗುತ್ತಾರೆ. ಸಾಲೆಯ ಮಾಸ್ತರರು ಪಾಠದ ನಡುವೆ ಕಿಟಕಿಯಾಚೆ ಕಣ್ಣು ಹಾಯಿಸಿ, ಕೆರೆಯ ದಂಡೆಯ ಮೇಲೆ ಯಾವ ಯಾವ ಹುಡುಗರ ಸುಳುಹು ಕೂತಿವೆಯೆಂದು ಕಂಡುಕೊಂಡು, ಅವರಿಗೇ ಎದ್ದು ನಿಲ್ಲಲು ಹೇಳಿ ಪ್ರಶ್ನೆ ಕೇಳುತ್ತಾರೆ. ಮಗಳನ್ನು ಊರೊಳಗೇ ಮದುವೆ ಮಾಡಿಕೊಟ್ಟ ತವರಿನವರು ಅಡುಗೆಮನೆಯ ಒಂದು ಮೂಲೆಯನ್ನು ಒಂದಷ್ಟು ತಿಂಗಳು ಖಾಲಿ ಬಿಡುತ್ತಾರೆ. ತಾಯಿ ಒಲೆಯ ಮುಂದಿನಿಂದ ಏಳುವಾಗ ಆ ಮೂಲೆಯನ್ನು ಬಳಸಿಕೊಂಡು ನಡೆಯುತ್ತಾಳೆ.

ನನ್ನ ಮನೆ ಕುಂಬಾರ ಓಣಿಯ ಬಾಯಲ್ಲಿದೆ. ತುಂಗವ್ವನ ಸಂಗತಿಯಲ್ಲಿ ಕೆಲವನ್ನು ನಾನೇ ಕಂಡಿದ್ದೇನೆ. ಬಹಳಷ್ಟನ್ನು ಅವಳ ಅತ್ತೆ ನಿಂಗವ್ವ ನನ್ನ ಕಟ್ಟೆಯ ಮೇಲೆ ಕೂತು ಎಲೆ ಮೆಲ್ಲುತ್ತ ಹೇಳಿದ್ದಾಳೆ.

ತುಂಗವ್ವನ ಗಂಡ ಮಾಳಪ್ಪ ಒಳ್ಳೆಯ ಕುಂಬಾರ. ಊರಿಗೆ ಜ್ವರ ಬಂದ ವರ್ಷ ಅವನು ಹೋದ. ಆಗ ತುಂಗವ್ವ ಹೆತ್ತು ವಾರವೂ ಆಗಿರಲಿಲ್ಲ. ಅವಳಿಗೂ ಅದೇ ಜ್ವರ, ಮೈಮೇಲೆ ಎಚ್ಚರವಿಲ್ಲ, ಎದೆಯಲ್ಲಿ ಹಾಲಿಲ್ಲ. ಕೆರೆಯ ಆಚೆ, ದಿಬ್ಬದ ಮೇಲಿನ ಬಣ್ಣಗಾರರ ಓಣಿಯಲ್ಲಿ ದಾಕ್ಷಾಯಣಿ ಎಂಬವಳ ಕೂಸು ಅದೇ ದಿನಗಳಲ್ಲಿ ಹುಟ್ಟಿ ತೀರಿಕೊಂಡಿತ್ತು. ಅವಳ ಎದೆ ಹಾಲು ಕಟ್ಟಿ ನೋಯುತ್ತಿತ್ತು. ಎರಡೂ ಮನೆಗೆ ಸೂಲಗಿತ್ತಿ ಒಬ್ಬಳೇ. ಅವಳು ಯಾರನ್ನೂ ಕೇಳಲಿಲ್ಲ. ತುಂಗವ್ವನ ಹೆಣ್ಣು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ದಾಕ್ಷಾಯಣಿಯ ತೊಡೆಯ ಮೇಲೆ ಇಟ್ಟಳು.

ತುಂಗವ್ವ ಎದ್ದು ನಿಲ್ಲುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಒಂದು ಬೆಳಿಗ್ಗೆ ಗೋಡೆ ಹಿಡಿದು, ಗಿಡ ಹಿಡಿದು, ಕೆರೆ ಏರಿಯ ಮೇಲೆ ಕೂತು ಸುಧಾರಿಸಿಕೊಂಡು ಕೂಸನ್ನು ತರಲು ಹೋದಳು. ದಾಕ್ಷಾಯಣಿ ಅಂಗಳದಲ್ಲಿ ಹಾಲು ಕುಡಿಸುತ್ತಿದ್ದಳು. ತುಂಗವ್ವನನ್ನು ಕಂಡವಳೇ ಎದ್ದು ಎರಡೂ ಕೈಯಲ್ಲಿ ಕೂಸನ್ನು ಮುಂದೆ ಚಾಚಿದಳು. ಕೂಸು ಬಿಕ್ಕಿ ಬಿಕ್ಕಿ ಅತ್ತು ದಾಕ್ಷಾಯಣಿಯ ಕಡೆಗೇ ಮುಖ ಹೊರಳಿಸಿತು.

"ಕುಡೀಲಿ. ಪೂರ್ತಿ ಕುಡೀಲಿ," ಎಂದು ತುಂಗವ್ವ ಕಟ್ಟೆಯ ಮೇಲೆ ಕೂತಳು. ಕೂಸು ಕುಡಿದು ನಿದ್ದೆ ಹೋಯಿತು. ಅದರ ಒಂದು ಕೈ ದಾಕ್ಷಾಯಣಿಯ ತಾಳಿಯ ದಾರವನ್ನು ಹಿಡಿದುಕೊಂಡೇ ಇತ್ತು. ತುಂಗವ್ವ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, "ಇರಲಿ ಬಿಡವ್ವ," ಎಂದಳು.

ಗೇಟಿನ ತನಕ ದಾಕ್ಷಾಯಣಿ ಹಿಂದೆ ಬಂದಳು. "ತುಂಗವ್ವ, ನಾ ನಿನ್ನ ಕಾಲಿಗೆ ಬೀಳ್ತೀನಿ, ನೀ ಇಲ್ಲಿಗೆ ಬರಬ್ಯಾಡ. ನೀ ಬಂದು ಹೋಗಾಕ ಹತ್ತಿದ್ರ ನನಗ ತಾಯಿ ಆಗಾಕ ಆಗೂದಿಲ್ಲ."

"ಬರೂದಿಲ್ಲ," ಎಂದಳು ತುಂಗವ್ವ. ಅಂದಿನಿಂದ ಅವಳು ಆ ದಿಬ್ಬ ಹತ್ತಲಿಲ್ಲ. ಸಂತೆಯಲ್ಲಿ ದಾಕ್ಷಾಯಣಿಯನ್ನು ದೂರದಿಂದ ಕಂಡರೂ ಬೇರೆ ಸಾಲಿಗೆ ಹೊರಳುತ್ತಿದ್ದಳು. ಹುಡುಗಿಗೆ ಕಸ್ತೂರಿ ಎಂದು ಹೆಸರಿಟ್ಟ ಸುದ್ದಿ ಅವಳಿಗೆ ಗಡಿಗೆ ಕೊಳ್ಳಲು ಬಂದ ಯಾರದೋ ಬಾಯಿಂದ ತಿಳಿಯಿತು.

ಅತ್ತೆಯ ಮೇಲ್ವಿಚಾರಣೆಯಲ್ಲಿ ಅವಳು ಗಂಡನ ತಿಗರಿಯ ಮುಂದೆ ಕೂತಳು. ಹೆಂಗಸು ತಿಗರಿ ತಿರುಗಿಸುವುದೇ ಎಂದು ಓಣಿಯ ಗಂಡಸರು ಗೊಣಗಿದಾಗ ನಿಂಗವ್ವ, "ನೀವು ಬಂದು ನಮಗ ಅನ್ನ ಹಾಕ್ತೀರೇನು?" ಎಂದು ಕೇಳಿ ಬಾಯಿ ಮುಚ್ಚಿಸಿದಳು. ಕೆಲವೇ ವರ್ಷಗಳಲ್ಲಿ ತುಂಗವ್ವನ ಕೊಡಗಳನ್ನು ಜನ ಕೇಳಿ ಒಯ್ಯುವಂತಾಯಿತು.

ತಿಗರಿಯ ಕೆಲಸದಲ್ಲಿ ಮೊದಲಿನ ಹೊತ್ತು ಮನಸ್ಸು ಅಲ್ಲೇ ಇರಬೇಕು. ಮಣ್ಣಿನ ಮುದ್ದೆ ನಡುವಿಗೆ ಬರದಿದ್ದರೆ ಎಲ್ಲ ಸೊಟ್ಟ. ಅದು ನಡುವಿಗೆ ಬಂದು, ಹೆಬ್ಬೆರಳು ಒಳಗಿಳಿದು, ಗೋಡೆ ಏಳಲು ಶುರುವಾದ ಮೇಲೆ ಕೈಗೆ ಯಜಮಾನಿ ಬೇಕಾಗಿಲ್ಲ. ಆಗ ತುಂಗವ್ವನ ಮನಸ್ಸು ಎದ್ದು ಹೊರಡುತ್ತಿತ್ತು. ಕೆರೆ ಏರಿ ದಾಟಿ, ಸಂತೆಯ ಬಯಲು ದಾಟಿ, ದಿಬ್ಬ ಹತ್ತಿ, ಹಗ್ಗಗಳ ಮೇಲೆ ಒಣಗುವ ಕೆಂಪು ಹಳದಿ ಸೀರೆಗಳ ನಡುವೆ ನುಗ್ಗಿ ಆ ಅಂಗಳಕ್ಕೆ ಬರುತ್ತಿತ್ತು. ಅಲ್ಲಿ ಹುಡುಗಿ ಇರುತ್ತಿದ್ದಳು. ನಿಜವಾದ ಹುಡುಗಿ ಹೇಗಿದ್ದಾಳೆಂದು ತುಂಗವ್ವನಿಗೆ ಗೊತ್ತಿರಲಿಲ್ಲ. ನಲ್ಲಿಯ ಬಳಿ ನಿಂತ ಅದೇ ವಯಸ್ಸಿನ ಮಕ್ಕಳನ್ನು ನೋಡಿ ಎತ್ತರ ಅಂದಾಜು ಮಾಡುತ್ತಿದ್ದಳು, ಹಲ್ಲು ಬೀಳಿಸುತ್ತಿದ್ದಳು, ಜಡೆ ಉದ್ದ ಮಾಡುತ್ತಿದ್ದಳು. ದನಿ ಮಾತ್ರ ಹೇಗೆ ಮಾಡಿದರೂ ಕೂಡಿಬರುತ್ತಿರಲಿಲ್ಲ. ಆ ಹುಡುಗಿ ಎದುರಿಗೆ ಕೂತು ಬಾಯಿ ತೆರೆಯುತ್ತಿದ್ದಳು, ಮಾತು ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಕೊಡ ಮುಗಿದಿರುತ್ತಿತ್ತು.

ತನ್ನ ಸುಳುಹು ಆ ಅಂಗಳದಲ್ಲಿ ನಿಲ್ಲುತ್ತಿರಬೇಕೆಂದು ಅವಳಿಗೆ ಗೊತ್ತಿತ್ತು. ಕಾಲು ಉಳಿಸಿಕೊಂಡ ಮಾತನ್ನು ಮನಸ್ಸು ಮುರಿಯುತ್ತಿದೆ ಎಂಬ ಅಳುಕೂ ಇತ್ತು. ಆದರೆ ಇನ್ನೊಂದು ಸಂಗತಿ ಅವಳಿಗೆ ಮತ್ತು ಅತ್ತೆಗೆ ಮಾತ್ರ ಗೊತ್ತಿತ್ತು. ಕೂಸನ್ನು ಬಿಟ್ಟುಬಂದ ಮರುದಿನದಿಂದ ದಾಕ್ಷಾಯಣಿಯ ಸುಳುಹು ಇವರ ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿತ್ತು. ಮೊಣಕೈ ತನಕ ನೀಲಿ ಬಣ್ಣ, ಮುಖದ ತುಂಬ ಗಾಬರಿ. ತುಂಗವ್ವ ಕೂಸನ್ನು ಕರೆದುಕೊಂಡು ಹೋಗಲು ಎದ್ದಳೋ ಇಲ್ಲವೋ ಎಂದು ನೋಡಲು ಬಂದವಳಂತೆ. ದಿನವೂ ಬರುತ್ತಿತ್ತು. ನಿಂಗವ್ವ ಕಸ ಗುಡಿಸುವಾಗ ಅದನ್ನು ಬಿಟ್ಟು ಸುತ್ತ ಗುಡಿಸುತ್ತಿದ್ದಳು.

ಹೀಗೆ ಹತ್ತು ವರ್ಷ ನಡೆದಮೇಲೆ ಒಂದು ಬೆಳಿಗ್ಗೆ ಅದೇ ಚೌಕಟ್ಟಿನಲ್ಲಿ ದಾಕ್ಷಾಯಣಿ ಬಂದು ನಿಂತಳು. ತುಂಗವ್ವ ರೂಢಿಯಂತೆ ಮುಖ ಹೊರಳಿಸಿ ಮಣ್ಣು ನಾದುತ್ತಿದ್ದಳು. ಕೆಮ್ಮಿದ ಸದ್ದು ಕೇಳಿ ಬೆಚ್ಚಿ ತಲೆಯೆತ್ತಿದಳು.

"ಒಂದು ಮಾತು ಹೇಳಾಕ ಬಂದೀನಿ," ಎಂದಳು ದಾಕ್ಷಾಯಣಿ. "ಹೇಳಬಾರದ ಮಾತು. ಆದ್ರ ಇನ್ನ ತಡಕೊಳ್ಳಾಕ ಆಗೂದಿಲ್ಲ."

"ಒಳಗ ಬಾ."

"ಬ್ಯಾಡ. ತುಂಗವ್ವ, ನಿನ್ನ ಸುಳುಹು ನಮ್ಮ ಅಂಗಳದಾಗ ಬರ್ತೈತಿ. ದಿನಾ. ಇಷ್ಟು ವರ್ಷ ನಾ ಕಂಡೂ ಕಾಣದಂಗ ಇದ್ದೆ. ಹುಡುಗಿ ಸಣ್ಣಾಕಿ ಇದ್ಲು, ಅದರ ಸುತ್ತ ಆಡಿಕೋತ ಹೋಗತಿದ್ಲು. ಈಗ ಅದರ ಮುಂದ ಕುಂದರತಾಳ. ಸಾಲಿ ಸುದ್ದಿ ಎಲ್ಲಾ ಅದಕ್ಕ ಹೇಳತಾಳ. ನಿನ್ನೆ ನನ್ನ ಕೇಳಿದ್ಲು, ಕೈಗೆ ಮಣ್ಣ ಹಚ್ಚಿಕೊಂಡಾಕಿ ಯಾರಬೇ, ಆಕಿ ಯಾಕ ನನ್ನ ನೋಡಾಕ ಬರ್ತಾಳ ಅಂತ."

ತುಂಗವ್ವನ ಕೈ ಮಣ್ಣಿನಲ್ಲೇ ನಿಂತಿತು. ಹುಡುಗಿ ತನ್ನ ಮುಂದೆ ಕೂತು ಮಾತಾಡುತ್ತಾಳೆ. ದಿನವೂ ಮಾತಾಡಿದ್ದಾಳೆ. ತಾನು ಅಲ್ಲಿದ್ದೂ ಒಂದು ಅಕ್ಷರವನ್ನೂ ಕೇಳಿಸಿಕೊಂಡಿಲ್ಲ.

"ನೀ ಏನಂದಿ?" ಎಂದು ಕೇಳಿದಳು.

"ಗೊತ್ತಿಲ್ಲ ಅಂದೆ. ಮೊದಲ ಸಲ ಆಕಿಗೆ ಸುಳ್ಳ ಹೇಳಿದೆ." ದಾಕ್ಷಾಯಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನ ಮನಸ್ಸು ಹಿಡಕೋ. ಬ್ಯಾರೆ ಏನೂ ಕೇಳೂದಿಲ್ಲ."

ಮೂಲೆಯಲ್ಲಿ ಕೂತು ಬೂದಿ ಜರಡಿ ಹಿಡಿಯುತ್ತಿದ್ದ ನಿಂಗವ್ವ ಜರಡಿಯನ್ನು ಕೆಳಗಿಟ್ಟಳು. "ಅಲ್ಲಬೇ, ಮನಸ್ಸು ಹಿಡಕೊಳ್ಳಾಕ ಹೇಳಾಕಿ ನೀ, ನಿನ್ನ..." ಎಂದು ಶುರುಮಾಡಿದವಳು ಸೊಸೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

"ಹಿಡಕೋತೀನಿ," ಎಂದಳು ತುಂಗವ್ವ.

ದಾಕ್ಷಾಯಣಿ ಹೋದ ಮೇಲೆ ನಿಂಗವ್ವ ಸಿಟ್ಟಿನಿಂದ, "ಯಾಕ ತಡದಿ? ಆಕಿದೂ ಆಕಿಗೆ ಗೊತ್ತಾಗಲಿ," ಎಂದಳು.

"ಗೊತ್ತಾದ್ರ ನಾಚಿಕಿ ಪಡತಾಳ ಅತ್ತಿ. ಮನಿಗೆ ಹೋಗಿ ಆ ಹುಡುಗಿ ಮುಖ ಹೆಂಗ ನೋಡತಾಳ?"

ಮನಸ್ಸು ಹಿಡಿದುಕೊಳ್ಳುವುದು ಎಂಥ ಕೆಲಸ ಎಂದು ತುಂಗವ್ವನಿಗೆ ಆಮೇಲೆ ತಿಳಿಯಿತು. ಮೊದಲು ಹಾಡಿಕೊಂಡು ನೋಡಿದಳು. ಹಾಡು ಬಾಯಿಪಾಠವಾದದ್ದು, ಬಾಯಿ ಹಾಡುತ್ತಲೇ ಇತ್ತು, ಮನಸ್ಸು ದಿಬ್ಬದ ಬುಡಕ್ಕೆ ಹೋಗಿ ಬೆಚ್ಚಿ ವಾಪಸು ಬಂತು. ದೊಡ್ಡ ಕೊಡಗಳನ್ನು ಬಿಟ್ಟು ಸಣ್ಣ ಸಾಮಾನು ಮಾಡಲು ಹತ್ತಿದಳು. ಬಾಯಿ ಕಿರಿದಾದ ಎಣ್ಣೆ ಕುಡಿಕೆ, ಕೊಕ್ಕಿನ ಚೆಂಬು, ಒಂದಕ್ಕೊಂದು ಕೂಡುವ ಮುಚ್ಚಳ. ಇವುಗಳಲ್ಲಿ ಒಂದು ಕ್ಷಣ ಕಣ್ಣು ತಪ್ಪಿದರೂ ಕೆಲಸ ಕೆಡುತ್ತಿತ್ತು. ನಿಂಗವ್ವ ತನ್ನ ಪಾಲಿನ ಸಹಾಯವಾಗಿ ಜಗಳ ತೆಗೆಯುತ್ತಿದ್ದಳು. ಸೊಸೆಯ ಕಣ್ಣು ಸ್ವಲ್ಪ ತೇಲಿದಂತೆ ಕಂಡರೆ ಸಾಕು, "ನಿಮ್ಮಪ್ಪ ಕೊಡತೀನಿ ಅಂದ ಎಮ್ಮಿ ಎಲ್ಲೈತಿ?" ಎಂದು ಇಪ್ಪತ್ತು ವರ್ಷ ಹಿಂದಿನ ಮಾತು ಎತ್ತುತ್ತಿದ್ದಳು. ತುಂಗವ್ವನಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲಿ ಮನಸ್ಸು ಮನೆಯಲ್ಲೇ ಇರುತ್ತಿತ್ತು.

ಸಂಜೆ ಅವಳಿಗೆ ಎದ್ದು ನಿಲ್ಲಲೂ ತ್ರಾಣವಿರುತ್ತಿರಲಿಲ್ಲ. ಮೊದಲು ದಿನವೆಲ್ಲ ತಿಗರಿಯ ಮುಂದೆ ಕೂತೂ ಅವಳು ದಣಿದವಳಲ್ಲ. ಈಗ ಕೈಯಲ್ಲಿರುವುದು ಬರೀ ಮಣ್ಣು, ಮುಂದಿರುವುದು ಬರೀ ಗೋಡೆ. ಒಮ್ಮೆ ನಾನು ಮುಚ್ಚಳ ಕೊಳ್ಳಲು ಹೋದಾಗ, "ಕೆಲಸ ಭಾಳ ನಾಜೂಕ ಆಗೇತಿ ತುಂಗವ್ವ," ಎಂದೆ. ಅವಳು, "ಹೌದು, ಮನಿಯಾಗ ಇರಾಕ ಹತ್ತೀನಲ್ಲ," ಎಂದಳು. ನನಗೆ ಆಗ ಅರ್ಥವಾಗಲಿಲ್ಲ.

ದಾಕ್ಷಾಯಣಿಯ ಸುಳುಹು ಮಾತ್ರ ಚೌಕಟ್ಟಿನಲ್ಲಿ ಹಾಗೇ ಬರುತ್ತಿತ್ತು. ಅದರ ಗಾಬರಿ ಇನ್ನೂ ಹೆಚ್ಚಾದಂತೆ ಕಾಣುತ್ತಿತ್ತು.

ಮಳೆಗಾಲ ಮುಗಿದು, ಗಡಿಗೆ ಸುಡುವ ಆವಿಗೆಗೆ ಮತ್ತೆ ಬೆಂಕಿ ಹಾಕುವ ದಿನಗಳು ಬಂದವು. ಒಂದು ಮಧ್ಯಾಹ್ನ ತುಂಗವ್ವ ಕುಡಿಕೆಯ ಕಂಠ ತಿದ್ದುತ್ತಿದ್ದಾಗ ಮಣ್ಣಿನ ರಾಶಿಯ ಪಕ್ಕದಲ್ಲಿ ಏನೋ ಕಂಡಿತು. ಸಾಲೆಯ ನೀಲಿ ಲಂಗ ತೊಟ್ಟ ಹುಡುಗಿಯೊಬ್ಬಳು ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ತುಂಗವ್ವ ಮರ್ಯಾದೆಗೆ ಮುಖ ಹೊರಳಿಸಿದಳು. ಮತ್ತೆ ತಿರುಗಿ ನೋಡಿದಳು, ಮರ್ಯಾದೆ ಬಿಟ್ಟು, ಕಣ್ಣು ತುಂಬ ನೋಡಿದಳು. ಮಾಳಪ್ಪನ ಗದ್ದ. ಮಾಳಪ್ಪನದೇ ದಪ್ಪ ಹುಬ್ಬು. ಅವಳು ಮನಸ್ಸಿನಲ್ಲಿ ಮಾಡಿಕೊಂಡ ಹುಡುಗಿ ತೆಳ್ಳಗೆ, ಉದ್ದ ಜಡೆಯವಳು. ಇವಳದು ಗಟ್ಟಿ ಮೈ, ಹೆಗಲ ಮೇಲೆ ಕೆದರಿದ ಮೊಂಡು ಜಡೆ, ಮೊಣಕಾಲಿಗೆ ಒಣಗಿದ ಗಾಯದ ಹಕ್ಕಳೆ.

"ಅತ್ತಿ," ಎಂದು ಮೆಲ್ಲಗೆ ಕರೆದಳು. ನಿಂಗವ್ವ ಬಂದು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ಮಗ ಹೋದ ಮೇಲೆ ಅವನ ಮುಖವನ್ನು ಅವಳು ಮತ್ತೆ ಕಂಡದ್ದು ಅಂದೇ.

ಹುಡುಗಿಯ ಸುಳುಹು ಅಂದಿನಿಂದ ದಿನವೂ ಬಂತು. ನಡೆದದ್ದು ಇಷ್ಟು. ಅಂಗಳಕ್ಕೆ ಬರುವವಳು ಬರುವುದನ್ನು ನಿಲ್ಲಿಸಿದ ಮೇಲೆ ಹುಡುಗಿ ಕೆಲ ದಿನ ಕಾದಳು. ಆಮೇಲೆ ತಂದೆ ವಿರೂಪಣ್ಣನನ್ನು, "ಮಣ್ಣಿನ ಕೆಲಸದವರು ಎಲ್ಲಿರ್ತಾರಪ್ಪ?" ಎಂದು ಕೇಳಿದಳು. ಅವನು ಸೀರೆ ಹಿಂಡುತ್ತ, ಯೋಚನೆ ಮಾಡದೆ, "ಕುಂಬಾರ ಓಣ್ಯಾಗ," ಎಂದ. ಅಷ್ಟು ಸಾಕಾಗಿತ್ತು.

ತುಂಗವ್ವ ಕೆಲಸ ನಿಲ್ಲಿಸಿ ಹುಡುಗಿಯ ಸುಳುಹಿನ ಎದುರಿಗೆ ಕೂರುತ್ತಿದ್ದಳು. ಚೌಕಟ್ಟಿನಲ್ಲಿ ದಾಕ್ಷಾಯಣಿಯ ಸುಳುಹು, ಮಣ್ಣಿನ ಪಕ್ಕದಲ್ಲಿ ಹುಡುಗಿಯದು. ತಾಯಿ ಮಗಳು ಒಬ್ಬರಿಗೊಬ್ಬರು ಕಾಣದೆ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ಹೇಳಿಕಳಿಸಬೇಕು ಎಂದು ತುಂಗವ್ವ ದಿನವೂ ಅಂದುಕೊಳ್ಳುತ್ತಿದ್ದಳು. ಇಷ್ಟು ಹೊತ್ತು ಮನಸ್ಸು ಹೊರಗಿರುವುದು ಮಕ್ಕಳಿಗೆ ಒಳ್ಳೆಯದಲ್ಲ, ಅಲ್ಲಿ ಊಟ ತಣ್ಣಗಾಗುತ್ತಿರಬಹುದು, ಮಾಸ್ತರರು ಬಯ್ಯುತ್ತಿರಬಹುದು. ಆದರೆ ಹೇಳಿದರೆ ಇದೂ ನಿಲ್ಲುತ್ತದೆ. ಇವತ್ತೊಂದು ದಿನ ನೋಡಿ ನಾಳೆ ಹೇಳುತ್ತೇನೆ ಎನ್ನುತ್ತಿದ್ದಳು.

ಒಂದು ದಿನ ಹಾಗೆ ನೋಡುತ್ತ ಕೂತಿದ್ದಾಗ ಹುಡುಗಿಯ ಸುಳುಹು ಪಟ್ಟನೆ ಆರಿತು. ಎಂದಿನಂತೆ ಮೆಲ್ಲಗೆ ಮಸುಕಾಗಿ ಹೋಗಲಿಲ್ಲ, ಯಾರೋ ಕಿತ್ತುಕೊಂಡಂತೆ ಹೋಯಿತು. ತುಂಗವ್ವ ಚೌಕಟ್ಟಿನ ಕಡೆ ತಿರುಗಿದಳು. ದಾಕ್ಷಾಯಣಿಯ ಸುಳುಹು ಕೂಡ ಅದೇ ಕ್ಷಣ ಹೋಗಿತ್ತು.

ಅವಳು ಎದ್ದಳು. ಕೈ ತೊಳೆಯಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ. ಓಣಿ ಇಳಿದು ಕೆರೆ ಏರಿಯ ಮೇಲೆ ಓಡಿದಳು. ಸಂತೆಯ ಜನ ಮಣ್ಣಿನ ಕೈಯ ಈ ಹೆಂಗಸನ್ನು ಸುಳುಹೆಂದೇ ತಿಳಿದು ಮುಖ ಹೊರಳಿಸಿ ನಿಂತರೇ ಹೊರತು ದಾರಿ ಬಿಡಲಿಲ್ಲ. ಅವಳು ಒಬ್ಬನ ನಿಂಬೆಹಣ್ಣಿನ ಬುಟ್ಟಿಗೆ ಎಡವಿ, ಹಣ್ಣೆಲ್ಲ ಉರುಳಿಹೋದಾಗಲೇ ಜನರಿಗೆ ಅದು ತುಂಗವ್ವನೇ ಎಂದು ತಿಳಿದದ್ದು.

ಅಂಗಳದಲ್ಲಿ ಬಣ್ಣ ಕುದಿಸುವ ಹಂಡೆಯ ಪಕ್ಕ ದಾಕ್ಷಾಯಣಿ ನೆಲದ ಮೇಲೆ ಕೂತು ಹುಡುಗಿಯ ಮುಂಗೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ಹಿಡಿದಿದ್ದಳು. ವಿರೂಪಣ್ಣ ಡಾಕ್ಟರನ್ನು ಕರೆಯಲು ಓಡಿದ್ದ. ಒಲೆಗೆ ಕಟ್ಟಿಗೆ ನೂಕುತ್ತ ಕೂತ ಹುಡುಗಿ ಮನಸ್ಸು ಎಲ್ಲೋ ಇಟ್ಟು ಮುಂಗೈಯನ್ನು ಕಾದ ಹಂಡೆಗೆ ತಗುಲಿಸಿಕೊಂಡಿದ್ದಳು. ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ತುಂಗವ್ವ ಗೇಟಿನ ಒಳಗೆ ಬಂದವಳು ಮುಂದೆ ಹೆಜ್ಜೆ ಇಡಲಾರದೆ ನಿಂತಳು. ಅಳುತ್ತಿದ್ದ ಹುಡುಗಿ ತಲೆಯೆತ್ತಿ ನೋಡಿದಳು. ನೋಡುತ್ತಲೇ ಅಳು ನಿಂತಿತು.

"ಅವ್ವ," ಎಂದಳು, "ಈಕಿಗೆ ಉಸುರು ಐತಿ."

ಆ ದನಿ ಸ್ವಲ್ಪ ಒಡಕು, ಹುಡುಗರ ದನಿಯಂತೆ ದಪ್ಪ. ಹೀಗಿರಬಹುದೆಂದು ತುಂಗವ್ವ ಎಂದೂ ಅಂದುಕೊಂಡಿರಲಿಲ್ಲ.

ದಾಕ್ಷಾಯಣಿ ಹುಡುಗಿಯನ್ನು ಎದೆಗೆ ಒತ್ತಿಕೊಂಡಳು. "ಕರಕೊಂಡ ಹೋಗಾಕ ಬಂದಿಯೇನು?" ಎಂದಳು.

"ಇಲ್ಲ. ನನ್ನ ಹತ್ರ ಇದ್ಲು. ಒಮ್ಮೆಲೇ ಹೋದ್ಲು, ಅದಕ್ಕ ಓಡಿ ಬಂದೆ." ತುಂಗವ್ವ ನಿಂತಲ್ಲೇ ಕೂತಳು. "ತಪ್ಪು ನಂದು. ಆಕಿ ಸುಳುಹು ದಿನಾ ಬರ್ತಿತ್ತು. ನಿನಗ ಹೇಳಬೇಕಾಗಿತ್ತು. ಹೇಳಲಿಲ್ಲ."

ದಾಕ್ಷಾಯಣಿ ಬಕೆಟ್ಟಿನ ನೀರು ಬದಲಿಸಿದಳು. ಆಮೇಲೆ, "ನಾನೂ ಬರ್ತಿದ್ನೇನು?" ಎಂದು ಕೇಳಿದಳು.

ತುಂಗವ್ವ ಕೈಯ ಮೇಲೆ ಒಣಗಿದ ಮಣ್ಣನ್ನು ಉಜ್ಜತೊಡಗಿದಳು.

"ಬರ್ತಿರಬೇಕು. ನನ್ನ ಮನಸ್ಸು ಎಲ್ಲಿರತಿತ್ತು ಅಂತ ನನಗ ಗೊತ್ತಿಲ್ಲೇನು? ಯಾವಾಗಿಂದ?"

"ಕೂಸು ಬಿಟ್ಟುಬಂದ ಮರುದಿನದಿಂದ."

"ಮತ್ತ ನಾ ಬಂದು ನಿನ್ನ ಬೈದಾಗ ಯಾಕ ಸುಮ್ಮನಾದಿ?"

"ನಿನ್ನ ಅಂಜಿಕಿ ನೋಡಿದಾಗೊಮ್ಮೆ ನನಗ ಸಮಾಧಾನ ಆಗತಿತ್ತು ದಾಕ್ಷಾಯಣಿ. ಕೂಸು ಚಲೋ ಕೈಯಾಗೈತಿ ಅಂತ. ಅದನ್ನ ಯಾಕ ಕಳಕೊಳ್ಳಲಿ?"

ಹುಡುಗಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. "ಯಾರಬೇ ಈಕಿ?" ಎಂದಳು.

ತುಂಗವ್ವ ನೆಲ ನೋಡಿದಳು. ಕುಂಬಾರಾಕಿ ಎಂದು ಹೇಳಬೇಕೆಂದು ಅವಳ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ದಾಕ್ಷಾಯಣಿ ಹುಡುಗಿಯ ಕೂದಲು ಸರಿಮಾಡುತ್ತ, "ನಿನ್ನ ಹಡದಾಕಿ," ಎಂದಳು. "ನಾ ಹಾಲು ಕುಡಿಸಿದಾಕಿ. ಈಕಿ ಹಡದಾಕಿ."

ಕಸ್ತೂರಿ ತುಂಗವ್ವನನ್ನು ಕಾಲಿನಿಂದ ತಲೆಯ ತನಕ ನೋಡಿದಳು. "ಹಂಗಾದ್ರ ಇಷ್ಟು ದಿನ ಯಾಕ ಬರಲಿಲ್ಲ?"

"ಬರ್ತಿದ್ನಲ್ಲ," ಎಂದಳು ತುಂಗವ್ವ.

ಕೈ ವಾಸಿಯಾಗಲು ತಿಂಗಳು ಹಿಡಿಯಿತು. ಆಮೇಲೆ ಸಾಲೆಗೆ ರಜೆ ಇರುವ ದಿನ ದಾಕ್ಷಾಯಣಿ ತಾನೇ ಹುಡುಗಿಯನ್ನು ಕುಂಬಾರ ಓಣಿಯ ತಿರುವಿನ ತನಕ ತಂದು ಬಿಡಲು ಶುರುಮಾಡಿದಳು. ಕತ್ತಲಾಗುವ ಮೊದಲು ವಿರೂಪಣ್ಣ ಬಂದು ಕರೆದೊಯ್ಯುತ್ತಿದ್ದ. ದಾಕ್ಷಾಯಣಿಯ ಸುಳುಹು ಚೌಕಟ್ಟಿಗೆ ಬರುವುದು ಕ್ರಮೇಣ ನಿಂತಿತು. ನಿಂಗವ್ವ ಆ ಜಾಗವನ್ನೂ ಗುಡಿಸಿ, "ಪಾಪ, ರೂಢಿ ಆಗಿತ್ತು," ಎಂದು ಗೊಣಗಿದಳು.

ಮೊದಮೊದಲು ಹುಡುಗಿ ನಿಂಗವ್ವನ ಜೊತೆ ಹರಟುತ್ತ ಕೂರುತ್ತಿದ್ದಳು. ತುಂಗವ್ವ ಕೆಲಸ ಮಾಡುವವಳಂತೆ ನಟಿಸಿ ಆ ಒಡಕು ದನಿಯನ್ನು ಕೇಳುತ್ತಿದ್ದಳು. ಅವಳ ಮನಸ್ಸಿಗೆ ಈಗ ಎಲ್ಲಿಗೂ ಹೋಗುವ ಕೆಲಸವಿರಲಿಲ್ಲ. ಹುಡುಗಿ ಇಲ್ಲದ ದಿನಗಳಲ್ಲಿ ಹೋಗುತ್ತಿತ್ತು. ಆಗ ಅವಳು ಅದನ್ನು ತಡೆಯುತ್ತಿರಲಿಲ್ಲ, ದಾಕ್ಷಾಯಣಿಯೂ ದೂರು ತರಲಿಲ್ಲ.

ಒಂದು ರಜೆಯ ದಿನ ಕಸ್ತೂರಿ ತಾನೂ ಕೊಡ ಮಾಡುತ್ತೇನೆಂದಳು. ತುಂಗವ್ವ ಅವಳನ್ನು ತಿಗರಿಯ ಮುಂದೆ ಕೂರಿಸಿ, ಮುದ್ದೆಯನ್ನು ನಡುವಿಗೆ ತಂದುಕೊಟ್ಟು, ಆ ಸಣ್ಣ ಕೈಗಳ ಮೇಲೆ ತನ್ನ ಕೈ ಇಟ್ಟು ಗೋಡೆ ಎಬ್ಬಿಸಿದಳು. ಮುಂಗೈಯ ಮೇಲಿನ ಹೊಸ ಚರ್ಮ ನುಣ್ಣಗಿತ್ತು. ಅರ್ಧ ಕೊಡ ಎದ್ದ ಮೇಲೆ ಕೈ ತೆಗೆದು, "ಇನ್ನ ನೀನ ಮಾಡು," ಎಂದು ಪಕ್ಕಕ್ಕೆ ಸರಿದು ಕೂತಳು. ಹುಡುಗಿಯದು ಕುಂಬಾರರ ಕೈ. ಗೋಡೆ ಮೆಲ್ಲಗೆ, ಸರಿಯಾಗಿ ಏಳತೊಡಗಿತು. ಇಷ್ಟು ಹತ್ತಿರ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಮಗಳು ಕೂತಿದ್ದಳು. ತುಂಗವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ನೋಡುತ್ತಿದ್ದಂತೆ ಹುಡುಗಿಯ ತುಟಿ ಸ್ವಲ್ಪ ಸಡಿಲವಾಯಿತು, ಕಣ್ಣು ಕೊಡದ ಮೇಲೆ ಇದ್ದೂ ಇಲ್ಲದಂತಾಯಿತು.

ಹೋದಳು. ಎಲ್ಲಿಗೆ ಎಂದು ತುಂಗವ್ವ ಯಾರನ್ನೂ ಕೇಳಬೇಕಾಗಿರಲಿಲ್ಲ. ಈ ಹೊತ್ತಿಗೆ ದಿಬ್ಬದ ಮೇಲೆ ದಾಕ್ಷಾಯಣಿ ಒಣಗಿದ ಸೀರೆಗಳನ್ನು ಮಡಚುತ್ತಿರುತ್ತಾಳೆ. ಅವಳ ಪಕ್ಕ ಕೈಗೆ ಮಣ್ಣು ಹಚ್ಚಿಕೊಂಡ ಹುಡುಗಿ ಬಂದು ನಿಂತಿರುತ್ತಾಳೆ. ತಾಯಿ ಕಂಡಿರುತ್ತಾಳೆ, ಒಳಗೊಳಗೇ ಬೆಳಗಿರುತ್ತಾಳೆ.

ಹುಡುಗಿಯ ಬೆರಳು ಸಡಿಲಾದವು. ಕೊಡ ಒಂದು ಪಕ್ಕಕ್ಕೆ ವಾಲಿತು. ಹೆಗಲು ಮುಟ್ಟಿ ಕರೆದರೆ ಸಾಕಿತ್ತು, ವಾಪಸು ಬರುತ್ತಿದ್ದಳು. ತುಂಗವ್ವ ಕರೆಯಲಿಲ್ಲ. ಎರಡೂ ಅಂಗೈಗಳನ್ನು ನೀರಿನಲ್ಲಿ ಅದ್ದಿ, ಮಗಳ ಕೈಗಳನ್ನು ತಾಗದಂತೆ, ಹೊರಗಿನಿಂದ ಕೊಡವನ್ನು ಆನಿಸಿ ಹಿಡಿದುಕೊಂಡಳು. ತಿಗರಿ ತಿರುಗುತ್ತ ಇತ್ತು. ನಿಂಗವ್ವ ಬಾಗಿಲಲ್ಲಿ ನಿಂತು ನೋಡಿ, ಎಂದೂ ಇಲ್ಲದಂತೆ, ಸದ್ದು ಮಾಡದೆ ಹಿಂದೆ ಸರಿದಳು.

ಕಸ್ತೂರಿ ಕಣ್ಣು ಪಿಳುಕಿಸಿದಳು. ಕೊಡವನ್ನು ನೋಡಿ, ಅದರ ಸುತ್ತಲಿನ ಕೈಗಳನ್ನು ನೋಡಿ, "ಬೀಳಲಿಲ್ಲೇನು?" ಎಂದಳು.

"ಇಲ್ಲ," ಎಂದಳು ತುಂಗವ್ವ. "ಕೈ ಒಳಗ ಹಾಕು. ಕಂಠ ಮಾಡೂಣು."